ಫ್ರೀಜರಿನ ಕುರಿ ತೊಡೆ, ಮೇರಿಯ ನಗು

ಪ್ರಶ್ನೆ: ಆಲ್ಫ್ರೆಡ್ ಹಿಚ್‌ಕಾಕ್ ಅವರ ಹಳೇ ಟಿವಿ ಸರಣಿಯ 'ಲ್ಯಾಂಬ್ ಟು ದ ಸ್ಲಾಟರ್' ಎಪಿಸೋಡ್ ನೋಡಿದೆ. ಕೊಲೆ ಮಾಡಿದ್ದು ಯಾರು, ಯಾವುದರಿಂದ ಅನ್ನೋದು ಶುರುವಿನಲ್ಲೇ ಗೊತ್ತಾಗಿಬಿಡುತ್ತದೆ. ಆದರೂ ಕೊನೆಯವರೆಗೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಎಲ್ಲ ಗೊತ್ತಿದ್ದೂ ಹೀಗೇಕೆ? ಇನ್ನೊಂದು ಅನುಮಾನ. ಕಡೆಯಲ್ಲಿ ಆ ಹೆಂಗಸು ನಗುತ್ತಾಳೆ, ತಪ್ಪಿಸಿಕೊಂಡಳು ಅಂದುಕೊಂಡೆ. ಅಷ್ಟರಲ್ಲಿ ಹಿಚ್‌ಕಾಕ್ ಬಂದು ಅವಳು ಸಿಕ್ಕಿಬಿದ್ದಳು ಅನ್ನುತ್ತಾರೆ. ಯಾವುದನ್ನು ನಂಬಬೇಕು?

ಉತ್ತರ: ನಾನು ಹತ್ತಾರು ಸಲ ನೋಡಿರುವ, ಚಿತ್ರಕಥೆ ಕಲಿಯಲು ಬಂದವರಿಗೆ ಮೊದಲ ದಿನವೇ ತೋರಿಸುವ ಎಪಿಸೋಡ್ ಇದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಿಮ್ಮ ಎರಡು ಪ್ರಶ್ನೆಗಳೂ ಬೇರೆ ಬೇರೆ ಅನ್ನಿಸಬಹುದು. ನನ್ನ ಪ್ರಕಾರ ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಆ ಅರ್ಧ ಗಂಟೆ ನಾವು ಯಾರ ಪಕ್ಕ ಕೂತಿರುತ್ತೇವೆ ಅನ್ನುವುದರಲ್ಲಿ.

ನೋಡದವರಿಗಾಗಿ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಮೇರಿ ಮಲೋನಿ ಬಸುರಿ. ಗಂಡ ಪ್ಯಾಟ್ರಿಕ್ ಪೊಲೀಸಿನವನು. ಸಂಜೆ ಮನೆಗೆ ಬಂದವನು ಅವಳ ಉಪಚಾರವನ್ನೆಲ್ಲ ತಳ್ಳಿಹಾಕಿ, ನಿನ್ನನ್ನು ಬಿಡುತ್ತಿದ್ದೇನೆ, ಬೇರೆಯವಳನ್ನು ಮದುವೆಯಾಗಬೇಕು ಅನ್ನುತ್ತಾನೆ. ಆ ಮಾತು ಅವಳ ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಊಟಕ್ಕೆ ಏನಾದರೂ ಮಾಡ್ತೀನಿ ಅಂತ ಎದ್ದು ಹೋಗಿ ಫ್ರೀಜರಿನಿಂದ ಕುರಿಮರಿಯ ಇಡೀ ತೊಡೆಯೊಂದನ್ನು ತರುತ್ತಾಳೆ. ಅವನು ಹೊರಟು ನಿಂತಿದ್ದಾನೆ. ಅದೇ ತೊಡೆಯಿಂದ ತಲೆಗೆ ಒಂದೇ ಏಟು. ಆಮೇಲೆ ಆ ಮಾಂಸವನ್ನು ಓವನ್ನಿಗೆ ಇಡುತ್ತಾಳೆ. ಅಂಗಡಿಗೆ ಹೋಗಿ ತರಕಾರಿ ತರುತ್ತಾಳೆ. ಯಾರೋ ನುಗ್ಗಿ ಹೊಡೆದಾಡಿದ ಹಾಗೆ ಕಾಣಲಿ ಅಂತ ಮನೆಯ ಸಾಮಾನು ಚೆಲ್ಲಾಪಿಲ್ಲಿ ಮಾಡುತ್ತಾಳೆ. ಪೊಲೀಸರಿಗೆ ಫೋನ್ ಮಾಡುತ್ತಾಳೆ. ಲೆಫ್ಟಿನೆಂಟ್ ನೂನನ್ ಮತ್ತು ಅವನ ತಂಡ ಬಂದು ಆಯುಧಕ್ಕಾಗಿ ಮನೆ, ಅಂಗಳ ಎಲ್ಲ ಜಾಲಾಡುತ್ತಾರೆ. ಸಿಗುವುದಿಲ್ಲ. ಹೊತ್ತಾಗಿದೆ, ಹಸಿದಿದ್ದಾರೆ. ಬೆಂದಿರುವ ಮಾಂಸ ಸುಮ್ನೆ ಹಾಳಾಗುತ್ತೆ, ನೀವೇ ಊಟ ಮಾಡಿ ಅಂತ ಮೇರಿ ಒತ್ತಾಯ ಮಾಡುತ್ತಾಳೆ. ಅವರು ಆಯುಧವನ್ನೇ ತಿಂದು ಮುಗಿಸುತ್ತಾರೆ. ಆಯುಧ ನಮ್ಮ ಮೂಗಿನ ಕೆಳಗೇ ಇರಬಹುದೇನೋ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಪಕ್ಕದ ಕೋಣೆಯಲ್ಲಿ ಗೋಡೆಗೆ ಬೆನ್ನು ಮಾಡಿ ಕೂತ ಮೇರಿಗೆ ಅದು ಕೇಳಿಸುತ್ತದೆ. ಅವಳು ನಗುತ್ತಾಳೆ.

ಅಷ್ಟೇ ಕಥೆ. ಪ್ರಸಾರವಾಗಿದ್ದು 1958ರ ಏಪ್ರಿಲ್ 13ರಂದು, ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ.

ಈಗ ಸಸ್ಪೆನ್ಸ್ ವಿಷಯ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಯಾರು ಎಂಬುದನ್ನು ನಮ್ಮಿಂದ ಮುಚ್ಚಿಡುತ್ತಾರೆ. ಕೊನೆಯ ಪುಟದಲ್ಲಿ ಬಯಲಾಗುತ್ತದೆ. ಅದು ಕುತೂಹಲ. ಹಿಚ್‌ಕಾಕ್ ಅವರಿಗೆ ಇದರಲ್ಲಿ ಹೆಚ್ಚು ಆಸಕ್ತಿ ಇರಲಿಲ್ಲ. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸುವಾ ತ್ರುಫೋ ಹಿಚ್‌ಕಾಕ್ ಅವರನ್ನು ದಿನಗಟ್ಟಲೆ ಕೂರಿಸಿ ಮಾತಾಡಿಸಿದರು. ಆಗ ಹಿಚ್‌ಕಾಕ್ ಒಂದು ಉದಾಹರಣೆ ಕೊಟ್ಟರು. ಕೆಲವರು ಮೇಜಿನ ಸುತ್ತ ಕೂತು ಏನೋ ಹರಟುತ್ತಿದ್ದಾರೆ. ಇದ್ದಕ್ಕಿದ್ದ ಹಾಗೆ ಬಾಂಬ್ ಸಿಡಿಯುತ್ತದೆ. ನೋಡುವವರು ಬೆಚ್ಚಿಬೀಳುತ್ತಾರೆ, ಕೆಲವೇ ಸೆಕೆಂಡು. ಅದೇ ಬಾಂಬನ್ನು ಮೇಜಿನ ಕೆಳಗೆ ಇಡುವುದನ್ನು ನಮಗೆ ಮೊದಲೇ ತೋರಿಸಿ, ಇಷ್ಟು ಗಂಟೆಗೆ ಸಿಡಿಯುತ್ತದೆ ಅಂತ ತಿಳಿಸಿದರೆ? ಆಗ ಅದೇ ಹರಟೆ ತಡೆಯಲಾರದಷ್ಟು ಹಿಂಸೆಯಾಗುತ್ತದೆ. ಮಾತು ಸಾಕು, ಎದ್ದು ಓಡ್ರಪ್ಪ ಅಂತ ಕೂಗಬೇಕು ಅನ್ನಿಸುತ್ತದೆ. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಸಸ್ಪೆನ್ಸ್ ಹುಟ್ಟುವುದು ಈ ಅಂತರದಲ್ಲಿ.

ಸಿನಿಮಾ ಕಲಿಯುವವರೆಲ್ಲ ಈ ಬಾಂಬಿನ ಮಾತನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ 'ಲ್ಯಾಂಬ್ ಟು ದ ಸ್ಲಾಟರ್' ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿ ಬಾಂಬ್ ಇರುವುದು ಓವನ್ನಿನಲ್ಲಿ. ಮೇಜಿನ ಕೆಳಗಿನ ಬಾಂಬ್ ಅವರ ಕಣ್ಣಿಗೆ ಬೀಳಲಿ ಅಂತ ನಾವು ಬೇಡಿಕೊಳ್ಳುತ್ತೇವೆ. ಓವನ್ನಿನೊಳಗಿನದು ಬೀಳದೇ ಇರಲಿ ಅಂತ ಬೇಡಿಕೊಳ್ಳುತ್ತೇವೆ! ಒಬ್ಬ ಪೊಲೀಸಿನವನು ಅಡುಗೆಮನೆ ಕಡೆ ತಿರುಗಿದರೆ ಸಾಕು, ನಮ್ಮ ಉಸಿರು ಬಿಗಿಯಾಗುತ್ತದೆ. ಗಮನಿಸಿ, ನಾವು ಹೆದರುತ್ತಿರುವುದು ಕೊಲೆಗಾರ್ತಿಗೆ ಅಲ್ಲ. ಕೊಲೆಗಾರ್ತಿಯ ಪರವಾಗಿ ಹೆದರುತ್ತಿದ್ದೇವೆ. ಎಲ್ಲ ಗೊತ್ತಿದ್ದೂ ನಿಮ್ಮ ಎದೆ ಹೊಡೆದುಕೊಂಡಿದ್ದು ಇದಕ್ಕೇ.

ಇದನ್ನು ನನಗೆ ಯಾವ ಪುಸ್ತಕಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟವರು ನನ್ನ ಅಮ್ಮ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಇದನ್ನು ನೋಡುತ್ತಾ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಅಮ್ಮ ಹುರುಳಿಕಾಯಿ ತಟ್ಟೆ ಮಡಿಲಲ್ಲಿಟ್ಟುಕೊಂಡು ಪಕ್ಕ ಕೂತರು. ಕೊಲೆಯ ಏಟು ಬಿದ್ದಾಗ "ಅಯ್ಯೋ" ಅಂದರು, ಅಷ್ಟೇ. ಪೊಲೀಸರು ಬಂದ ಮೇಲೆ ಅವರ ಕೈ ನಿಂತಿತು. ಬೆರಳ ನಡುವೆ ಹಿಡಿದ ಹುರುಳಿಕಾಯಿ ಹಾಗೇ ಇತ್ತು. ನಾರು ಅರ್ಧ ಬಿಡಿಸಿ ನೇತಾಡುತ್ತಿತ್ತು. ಸುಮಾರು ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು, "ಬೆಂದಿರುತ್ತೇನೋ?" ಕೊಲೆಯಾದವನ ಬಗ್ಗೆ ಅವರಿಗೆ ಚಿಂತೆಯೇ ಇರಲಿಲ್ಲ. ಮಾಂಸ ಬೆಂದು ಪೂರ್ತಿ ಮೆತ್ತಗಾಗಿ, ಆ ಹುಡುಗಿ ಬಚಾವಾಗುತ್ತಾಳೋ ಇಲ್ಲವೋ ಅನ್ನೋದೇ ಚಿಂತೆ.

ಅಮ್ಮನ ಪ್ರಶ್ನೆ ಸರಿಯಾದ ಜಾಗಕ್ಕೇ ಮುಟ್ಟಿತ್ತು. ಯಾಕೆಂದರೆ ಈ ಕಥೆಯ ಗಡಿಯಾರ ಗೋಡೆಯ ಮೇಲಿಲ್ಲ, ಓವನ್ನಿನಲ್ಲಿದೆ. ಲೆಕ್ಕ ಹಾಕಿ ನೋಡಿ. ನಮ್ಮ ಮಟನ್ ಅಂಗಡಿಗಳಲ್ಲಿ ಕೊಕ್ಕೆಗೆ ನೇತುಹಾಕಿರುತ್ತಾರಲ್ಲ, ಅಂಥ ಇಡೀ ತೊಡೆ ಎರಡು ಎರಡೂವರೆ ಕಿಲೋ ತೂಗುತ್ತದೆ. ಮಾಂಸದಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರೇ ಇರುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಅದು ಬಹುಪಾಲು ಮಂಜುಗಡ್ಡೆ. ನಡುವೆ ಮೂಳೆ. ಹಿಡಿದುಕೊಳ್ಳಲು ಮೊಣಕಾಲಿನ ತುದಿ ಹಿಡಿಕೆಯ ಹಾಗೇ ಇದೆ. ಒಂದು ಗದೆಗೆ ಬೇಕಾದ್ದೆಲ್ಲ ಅದರಲ್ಲಿದೆ. ಕರಗಿಸದೆ ನೇರ ಓವನ್ನಿಗೆ ಇಟ್ಟರೆ ಮಾಮೂಲಿಗಿಂತ ಒಂದೂವರೆ ಪಟ್ಟು ಹೊತ್ತು ಬೇಕು. ಅಂದರೆ ಮೂರು ಗಂಟೆಯ ಹತ್ತಿರ. ಗದೆ ಊಟವಾಗಿ ಬದಲಾಗಲು ಮೂರು ಗಂಟೆ. ಅಲ್ಲಿಯವರೆಗೆ ಯಾರೂ ಓವನ್ನಿನ ಬಾಗಿಲು ತೆರೆದು ಅನುಮಾನ ಪಡಬಾರದು. ಈ ಕಾಯುವಿಕೆಯೇ ಎಪಿಸೋಡಿನ ದ್ವಿತೀಯಾರ್ಧ. ಅಡುಗೆ ಮಾಡಿದ ಯಾರಿಗಾದರೂ ಇದು ಹೊಟ್ಟೆಯಲ್ಲೇ ಅರ್ಥವಾಗುತ್ತದೆ, ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು, ನಾವು ಮೇರಿಯ ಪಕ್ಷಕ್ಕೆ ಯಾವಾಗ ಸೇರಿದೆವು? ಇದನ್ನು ನೋಡಲು ಮೂಲ ಕಥೆಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಬರೆದವರು ರೋಲ್ಡ್ ಡಾಲ್. ಮಕ್ಕಳ ಕಥೆಗಳಿಂದ ಇವರ ಹೆಸರು ನಿಮಗೆ ಗೊತ್ತಿರುತ್ತದೆ. ದೊಡ್ಡವರಿಗೆ ಬರೆದ ಇವರ ಕಥೆಗಳು ಬೇರೆಯೇ ಲೋಕ. ಈ ಕಥೆ ಹಾರ್ಪರ್ಸ್ ಪತ್ರಿಕೆಯಲ್ಲಿ ಬಂದಿದ್ದು 1953ರಲ್ಲಿ. ಜೇಮ್ಸ್ ಬಾಂಡ್ ಪಾತ್ರವನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಇವರ ಸ್ನೇಹಿತ. ಹೆಪ್ಪುಗಟ್ಟಿದ ಕುರಿ ತೊಡೆಯಿಂದ ಗಂಡನನ್ನು ಕೊಂದು ಪತ್ತೇದಾರರಿಗೇ ಬಡಿಸುವ ಉಪಾಯವನ್ನು ಫ್ಲೆಮಿಂಗ್ ಒಮ್ಮೆ ಮಾತಿನ ನಡುವೆ ಕೊಟ್ಟರು ಎಂಬ ಮಾತಿದೆ. ಟಿವಿಗೆ ಚಿತ್ರಕಥೆಯನ್ನೂ ಡಾಲ್ ಅವರೇ ಬರೆದರು. ಅದು ಒಳ್ಳೆಯದೇ ಆಯಿತು.

ಕಥೆಯಲ್ಲಿ ಗಂಡ ಏನು ಹೇಳಿದ ಅನ್ನುವುದನ್ನು ಡಾಲ್ ಬರೆಯುವುದೇ ಇಲ್ಲ. ಅವನು ಹೇಳಿದ, ನಾಲ್ಕೈದು ನಿಮಿಷ ಹಿಡಿಯಿತು, ಅಷ್ಟೇ. ಓದುವವರೇ ತುಂಬಿಕೊಳ್ಳಬೇಕು. ಓದುವಾಗ ಇದು ಬಹಳ ಚೆಂದ. ಆದರೆ ಪರದೆಯ ಮೇಲೆ ಗಂಡ ಹೆಂಡತಿ ಎದುರು ಬದುರು ನಿಂತಿರುವಾಗ ಮಾತು ಮರೆಮಾಡಿದರೆ ನೋಡುವವರಿಗೆ ಮೋಸ ಮಾಡಿದ ಹಾಗೆ. ಹಾಗಾಗಿ ಟಿವಿಯಲ್ಲಿ ಅವನು ಬಾಯಿಬಿಟ್ಟು ಹೇಳುತ್ತಾನೆ. ಹೊಟ್ಟೆಯಲ್ಲಿ ಮಗು ಇರುವ ಹೆಂಡತಿಗೆ, ವಿಚ್ಛೇದನ ಕೊಡು ಅನ್ನುತ್ತಾನೆ. ಅವನ ದನಿಯಲ್ಲಿ ಸಿಟ್ಟೂ ಇಲ್ಲ, ದುಃಖವೂ ಇಲ್ಲ. ಬೇಗ ಮುಗಿದರೆ ಸಾಕು ಅನ್ನುವ ಅವಸರ ಮಾತ್ರ ಇದೆ. ನಾನು ಹೋಗ್ತೀನಿ, ನೋಡ್ಕೋತೀಯಾ ಅನ್ನುವ ಹಾಗೆ ಬೆನ್ನು ತಿರುಗಿಸುತ್ತಾನೆ. ಆ ಅವಸರಕ್ಕೆ ನಾವು ಅವನನ್ನು ಕ್ಷಮಿಸುವುದಿಲ್ಲ. ಏಟು ಬೀಳುವ ಮೊದಲೇ ನಾವು ಮೇರಿಯ ಕಡೆಯವರಾಗಿರುತ್ತೇವೆ.

ಆ ಪಾತ್ರ ಮಾಡಿದ ಆಲನ್ ಲೇನ್ ಕೌಬಾಯ್ ಚಿತ್ರಗಳಲ್ಲಿ ನಾಯಕನಾಗಿ ಹೆಸರಾದವರು. ಒಳ್ಳೆಯವನ ಮುಖದಿಂದಲೇ ಆ ಮಾತು ಬಂತಲ್ಲ, ಅದು ಇನ್ನೂ ಚುಚ್ಚುತ್ತದೆ.

ಮೇರಿಯಾಗಿ ನಟಿಸಿದ ಬಾರ್ಬರಾ ಬೆಲ್ ಗೆಡ್ಡಿಸ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನ್ಯೂಯಾರ್ಕಿನ ರಂಗಭೂಮಿಯಿಂದ ಬಂದವರು. ಟೆನೆಸ್ಸಿ ವಿಲಿಯಮ್ಸ್ ಅವರ 'ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್' ನಾಟಕ 1955ರಲ್ಲಿ ಬ್ರಾಡ್‌ವೇಗೆ ಬಂದಾಗ ಮ್ಯಾಗಿಯ ಪಾತ್ರ ಇವರದೇ. ಈ ಎಪಿಸೋಡ್ ಪ್ರಸಾರವಾದ ಮುಂದಿನ ತಿಂಗಳೇ ಹಿಚ್‌ಕಾಕ್ ಅವರ 'ವರ್ಟಿಗೊ' ಬಿಡುಗಡೆಯಾಯಿತು. ಅದರಲ್ಲಿ ಕನ್ನಡಕದ ಮಿಡ್ಜ್ ಆಗಿ ಬರುವವರೂ ಇವರೇ. ತಾನು ಪ್ರೀತಿಸುವ ಗಂಡಸು ಇನ್ನೊಬ್ಬಳ ಹಿಂದೆ ಹೋಗುವುದನ್ನು ಮಿಡ್ಜ್ ಸುಮ್ಮನೆ ನೋಡುತ್ತಾಳೆ, ಒಳಗೇ ನುಂಗಿಕೊಳ್ಳುತ್ತಾಳೆ. ಎರಡನ್ನೂ ಒಂದೇ ವಾರದಲ್ಲಿ ನೋಡಿ. ನುಂಗಿಕೊಂಡವಳು, ನುಂಗಿಕೊಳ್ಳಲು ಒಪ್ಪದವಳು, ಇಬ್ಬರಿಗೂ ಒಂದೇ ಮುಖ. ಮುಂದೆ 'ಡಲ್ಲಾಸ್' ಧಾರಾವಾಹಿಯ ಮಿಸ್ ಎಲ್ಲಿಯಾಗಿ ಇವರು ಮನೆಮನೆಯ ಅಮ್ಮನಾದರು.

ಇವರ ನಟನೆಯಲ್ಲಿ ನನಗೆ ಬಹಳ ಇಷ್ಟವಾಗುವುದು ಒಂದು ಸಂಗತಿ. ಮೇರಿ ನಾಟಕ ಮಾಡುತ್ತಿದ್ದಾಳೆ ನಿಜ. ಆದರೆ ಪೂರ್ತಿ ನಾಟಕ ಅಲ್ಲ. ಮೂಲ ಕಥೆಯಲ್ಲಿ ಇದು ಸ್ಪಷ್ಟವಾಗಿದೆ. ಅಂಗಡಿಗೆ ಹೊರಡುವ ಮೊದಲು ಅವಳು ಕನ್ನಡಿ ಮುಂದೆ ಕೂತು ಆಲೂಗಡ್ಡೆ ಕೇಳುವುದನ್ನು ಜೋರಾಗಿ ಹೇಳಿ ಅಭ್ಯಾಸ ಮಾಡುತ್ತಾಳೆ. ದನಿ ಸರಿಯಾಗಿ ಬರುವ ತನಕ ಮಾಡುತ್ತಾಳೆ. ಇದು ಲೆಕ್ಕಾಚಾರ. ಆದರೆ ಮನೆಗೆ ವಾಪಸ್ಸು ಬಂದು, ನೆಲದ ಮೇಲೆ ಬಿದ್ದ ಗಂಡನನ್ನು ಕಂಡಾಗ ನಿಜವಾಗಿಯೂ ಎದೆ ಒಡೆದು ಅಳುತ್ತಾಳೆ. ಆ ಅಳುವಿಗೆ ನಟನೆ ಬೇಕಾಗಲೇ ಇಲ್ಲ ಅನ್ನುತ್ತಾನೆ ಕಥೆಗಾರ. ಅವಳು ಅವನನ್ನು ಪ್ರೀತಿಸುತ್ತಿದ್ದಳು. ಟಿವಿಯ ಮೇರಿಯಲ್ಲೂ ಈ ಎರಡೂ ಒಟ್ಟಿಗೆ ಇವೆ. ಒಂದು ಕಣ್ಣು ಅಳುತ್ತಿದ್ದರೆ ಇನ್ನೊಂದು ಅಡುಗೆಮನೆ ಕಡೆ. ಪೂರಾ ಕಪಟಿಯಾಗಿದ್ದರೆ ನಾವು ಅವಳ ಕೈ ಬಿಡುತ್ತಿದ್ದೆವು. ಪೂರಾ ಮುಗ್ಧೆಯಾಗಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಹೆಸರನ್ನೂ ಇಲ್ಲೇ ನೋಡಿಬಿಡೋಣ. ಆ ಇಂಗ್ಲಿಷ್ ನುಡಿಗಟ್ಟು ಬೈಬಲ್‌ನಿಂದ ಬಂದಿದ್ದು, ಕಡಿಯಲು ಒಯ್ಯುವ ಕುರಿಮರಿ ಅಂತ ಅರ್ಥ. ನಾವು ಹರಕೆಯ ಕುರಿ ಅನ್ನುತ್ತೇವಲ್ಲ, ಹೆಚ್ಚುಕಮ್ಮಿ ಅದೇ. ಹಾಗಾದರೆ ಇಲ್ಲಿ ಹರಕೆಯ ಕುರಿ ಯಾರು? ಸಂಜೆ ಬಾಗಿಲಿಗೆ ಬಂದ ಗಂಡನನ್ನು ನಗುನಗುತ್ತಾ ಎದುರುಗೊಂಡ ಮೇರಿಯಾ? ಅವಳನ್ನು ಕುರಿ ಅಂದುಕೊಂಡು ಬೆನ್ನು ತಿರುಗಿಸಿದ ಪ್ಯಾಟ್ರಿಕ್ಕಾ? ಓವನ್ನಿನೊಳಗೆ ಬೇಯುತ್ತಿರುವ ನಿಜವಾದ ಕುರಿಮರಿಯಾ? ನನಗೇನೋ ತಟ್ಟೆ ಮುಂದೆ ಸಾಲಾಗಿ ಕೂತ ಪೊಲೀಸರೇ ಆ ಸಾಲಿಗೆ ಚೆನ್ನಾಗಿ ಒಪ್ಪುತ್ತಾರೆ ಅನ್ನಿಸುತ್ತದೆ.

ಪೊಲೀಸರು ದಡ್ಡರಲ್ಲ. ಇದನ್ನು ಒತ್ತಿ ಹೇಳಬೇಕು. ಅವರು ಹುಡುಕುವ ಕ್ರಮ ಸರಿಯಾಗಿಯೇ ಇದೆ. ಆಯುಧ ಸಿಕ್ಕರೆ ಕೊಲೆಗಾರ ಸಿಕ್ಕ ಹಾಗೆ ಅನ್ನುವುದು ಅವರ ಸೂತ್ರ. ಗಾಯ ನೋಡಿದರೆ ಭಾರವಾದ ಮೊಂಡು ವಸ್ತು. ಹಾಗಾಗಿ ಅವರು ಹುಡುಕುವುದು ದೊಡ್ಡ ಸ್ಪ್ಯಾನರ್, ಸುತ್ತಿಗೆ, ಲೋಹದ ಹೂದಾನಿ. ಅಂದರೆ ಗಂಡಸೊಬ್ಬ ಇನ್ನೊಬ್ಬ ಗಂಡಸಿಗೆ ಹೊಡೆಯಲು ಎತ್ತಿಕೊಳ್ಳುವ ವಸ್ತುಗಳು. ಗರಾಜು ಹುಡುಕುತ್ತಾರೆ, ತೋಟ ಹುಡುಕುತ್ತಾರೆ. ಓವನ್ನಿನಿಂದ ಘಮ ಬರುತ್ತಿದೆ. ಅದು ಅವರಿಗೆ ಊಟದ ಹೊತ್ತನ್ನು ನೆನಪಿಸುತ್ತದೆ, ಅಷ್ಟೇ. ಅಡುಗೆಮನೆ, ಅಡುಗೆ ಮಾಡುವವಳು, ಇವೆರಡೂ ಅವರ ಕಣ್ಣಿಗೆ ಬೀಳುತ್ತವೆ, ಲೆಕ್ಕಕ್ಕೆ ಬರುವುದಿಲ್ಲ. ಮೇರಿ ಬಚ್ಚಿಟ್ಟುಕೊಂಡಿದ್ದು ಸುಳ್ಳಿನ ಹಿಂದೆ ಅನ್ನುವುದಕ್ಕಿಂತ ಈ ಅಸಡ್ಡೆಯ ಹಿಂದೆ. 1958ರ ಟಿವಿಯಲ್ಲಿ, ಗೃಹಿಣಿಯರು ನೋಡಲಿ ಅಂತಲೇ ಸೋಪು, ಮಾತ್ರೆ, ಪೇಸ್ಟಿನ ಜಾಹೀರಾತು ಹಾಕುತ್ತಿದ್ದ ಕಾಲದಲ್ಲಿ ಇದು ಬಂತು ಅನ್ನುವುದು ನನಗೆ ಈಗಲೂ ಮೈ ಜುಮ್ಮೆನ್ನಿಸುತ್ತದೆ.

ಕೆಲವರು ಕೇಳುತ್ತಾರೆ, ಇವತ್ತು ಹೀಗೆ ತಪ್ಪಿಸಿಕೊಳ್ಳಲು ಆಗುತ್ತಿತ್ತಾ ಅಂತ. ಡಿಎನ್ಎ ಗುರುತಿನ ವಿಧಾನ ಬಂದಿದ್ದು 1980ರ ದಶಕದಲ್ಲಿ. ಕಥೆ ನಡೆಯುವ ಕಾಲದಲ್ಲಿ ಅದರ ಮಾತೇ ಇಲ್ಲ. ಇರಲಿ, ಇದು ಪ್ರಯೋಗಾಲಯದ ಕಥೆ ಅಲ್ಲ.

ಈಗ ಕೊನೆಯ ನಗುವಿಗೆ ಬರೋಣ. ಕ್ಯಾಮೆರಾ ಊಟದ ಮೇಜಿನಲ್ಲಿ ಉಳಿಯುವುದಿಲ್ಲ. ತಿನ್ನುವ ಗಂಡಸರನ್ನು ಬಿಟ್ಟು ಪಕ್ಕದ ಕೋಣೆಗೆ ಬರುತ್ತದೆ. ಮೇರಿ ಒಬ್ಬಳೇ ಕುರ್ಚಿಯಲ್ಲಿ ಕೂತಿದ್ದಾಳೆ. ಹಿಂದೆ ಬೋಳು ಗೋಡೆ. ಮೂಗಿನ ಕೆಳಗೆ ಅನ್ನುವ ಮಾತು ಅವಳ ಕಿವಿಗೆ ಬೀಳುತ್ತದೆ. ಮುಖದಲ್ಲಿ ಮೊದಲು ಏನೂ ಇಲ್ಲ. ಆಮೇಲೆ ತುಟಿಯ ಅಂಚು ಅಲುಗುತ್ತದೆ. ತಡೆಯಲಾಗದ ಕಿಸಕ್ಕನೆ ನಗು. ಮೂಲ ಕಥೆಯ ಕೊನೆಯ ವಾಕ್ಯವೂ ಇದೇ ನಗು.

ಇದು ಗೆದ್ದವಳ ನಗು ಅಂತ ಹಲವರು ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗೆಲುವಿನ ನಗುವಿನಲ್ಲಿ ಹಿಡಿತ ಇರುತ್ತದೆ. ಇದು ಹಿಡಿತ ತಪ್ಪಿದ ನಗು. ಸಾವಿನ ಮನೆಯಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ನಗು ಬರುತ್ತದೆ, ನೋಡಿದ್ದೀರಾ? ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡುತ್ತಾರೆ. ಅದು ಸಂತೋಷಕ್ಕೆ ಬಂದ ನಗುವಲ್ಲ. ಎಷ್ಟೋ ಗಂಟೆಯಿಂದ ಬಿಗಿಹಿಡಿದ ದೇಹ ಇನ್ನು ಆಗಲ್ಲ ಅಂತ ಸಡಿಲಬಿಟ್ಟಾಗ ಬರುವುದು. ಮೇರಿಯದು ಆ ಜಾತಿಯ ನಗು. ಒಂದೇ ಸಂಜೆಯಲ್ಲಿ ಗಂಡನನ್ನು ಎರಡು ಸಲ ಕಳೆದುಕೊಂಡಿದ್ದಾಳೆ, ಒಮ್ಮೆ ಅವನ ಮಾತಿನಿಂದ, ಇನ್ನೊಮ್ಮೆ ತನ್ನ ಕೈಯಿಂದ. ಅದನ್ನೆಲ್ಲ ಬೆಲ್ ಗೆಡ್ಡಿಸ್ ಆ ಕೆಲವೇ ಸೆಕೆಂಡಿನಲ್ಲಿ ಹೊರಗೆ ಬಿಡುತ್ತಾರೆ. ನಗುವಿನ ಜೊತೆ ಅವರ ಕಣ್ಣು ನೋಡಿ. ಕಣ್ಣು ನಗುತ್ತಿಲ್ಲ.

ಗೋಡೆಗೆ ಒರಗಿ ಒಂಟಿಯಾಗಿ ಕೂತ ಕೊಲೆಗಾರ, ಖಾಲಿ ಮುಖ, ಆಮೇಲೆ ನಮ್ಮತ್ತ ಹರಿದು ಬರುವ ನಗು. ಎಲ್ಲೋ ನೋಡಿದ ಹಾಗಿದೆ ಅನ್ನಿಸಿತೇ? ಎರಡು ವರ್ಷದ ನಂತರ ಬಂದ 'ಸೈಕೊ' ಚಿತ್ರದ ಕೊನೆಯಲ್ಲಿ ನಾರ್ಮನ್ ಬೇಟ್ಸ್ ಕೂರುವುದೂ ಹೀಗೇ. ಇದು ಸುಮ್ನೆ ಕಾಕತಾಳೀಯ ಇರಲಾರದು. 'ಸೈಕೊ' ಚಿತ್ರವನ್ನು ಹಿಚ್‌ಕಾಕ್ ತಮ್ಮ ಟಿವಿ ತಂಡವನ್ನೇ ಇಟ್ಟುಕೊಂಡು ಮಾಡಿದರು. ಸರಣಿಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಜಾನ್ ಎಲ್. ರಸೆಲ್ ಅವರೇ ಅದರ ಛಾಯಾಗ್ರಾಹಕರು. ಖರ್ಚು ಎಂಟು ಲಕ್ಷ ಡಾಲರ್ ಆಸುಪಾಸು. ದೊಡ್ಡ ಸ್ಟುಡಿಯೊದ ಬಣ್ಣದ ಚಿತ್ರಗಳ ಮುಂದೆ ಅದು ಏನೂ ಅಲ್ಲ. ಟಿವಿಯಲ್ಲಿ ಒಂದು ಎಪಿಸೋಡಿಗೆ ಅವರು ತೆಗೆದುಕೊಳ್ಳುತ್ತಿದ್ದುದು ಸಾಮಾನ್ಯವಾಗಿ ಮೂರು ದಿನ. ಒಂದು ದಿನ ತಾಲೀಮು, ಎರಡು ದಿನ ಚಿತ್ರೀಕರಣ. ಒಂದು ಮನೆ, ನಾಲ್ಕಾರು ಜನ, ಒಂದು ಮುಖ. ಇಷ್ಟರಲ್ಲೇ ಎಷ್ಟು ಭಯ ಹುಟ್ಟಿಸಬಹುದು ಅನ್ನುವುದನ್ನು ಅವರು ಇಲ್ಲಿ ಪಳಗಿಸಿಕೊಂಡರು.

ಹಾಗಾದರೆ ಕೊನೆಗೆ ಅವರೇ ಬಂದು ಕಥೆಯನ್ನು ಯಾಕೆ ತಿರುಗಿಸಿದರು? ಇದು ನಿಮ್ಮ ಎರಡನೇ ಪ್ರಶ್ನೆ.

'ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್' ಶುರುವಾಗಿದ್ದು 1955ರ ಅಕ್ಟೋಬರ್ 2ರಂದು. ಪ್ರತಿ ವಾರ ಹೊಸ ಕಥೆ, ಹೊಸ ನಟರು. ಮಾಮೂಲಾಗಿ ಇರುತ್ತಿದ್ದುದು ಹಿಚ್‌ಕಾಕ್ ಒಬ್ಬರೇ. ಪೆನ್ನಿನಲ್ಲಿ ಬರೆದ ಅವರ ಮುಖದ ಗೆರೆಗಳು, ಆ ಗೆರೆಯೊಳಗೆ ಬಂದು ಕೂರುವ ಅವರ ನೆರಳು, ಹಿನ್ನೆಲೆಯಲ್ಲಿ ಗೂನೊ ಎಂಬ ಫ್ರೆಂಚ್ ಸಂಗೀತಗಾರರ 'ಬೊಂಬೆಯ ಶವಯಾತ್ರೆ' ಎಂಬ ವಾದ್ಯಸಂಗೀತ. ಆಮೇಲೆ "ಗುಡ್ ಈವ್ನಿಂಗ್". ಅರ್ಧ ಗಂಟೆಯ 268 ಎಪಿಸೋಡುಗಳಲ್ಲಿ ಅವರು ಸ್ವತಃ ನಿರ್ದೇಶಿಸಿದ್ದು 17 ಮಾತ್ರ. ಉಳಿದದ್ದನ್ನೆಲ್ಲ ದಿನನಿತ್ಯ ನಡೆಸಿದವರು ನಿರ್ಮಾಪಕಿ ಜೋನ್ ಹ್ಯಾರಿಸನ್ ಮತ್ತು ಅವರ ಜೊತೆಗಾರ ನಾರ್ಮನ್ ಲಾಯ್ಡ್. ಆದರೆ ಮುಂದೆ ಬಂದು ಮಾತಾಡುತ್ತಿದ್ದುದು ಹಿಚ್‌ಕಾಕ್. ಆ ಮಾತುಗಳನ್ನು ಬರೆಯುತ್ತಿದ್ದವರು ಜೇಮ್ಸ್ ಆಲರ್ಡೈಸ್ ಎಂಬ ಬರಹಗಾರ.

ಆಗ ಅಮೆರಿಕದ ಟಿವಿಗೆ ಒಂದು ನೀತಿಸಂಹಿತೆ ಇತ್ತು. ಪ್ರಸಾರ ಸಂಸ್ಥೆಗಳ ಒಕ್ಕೂಟವೇ ಮಾಡಿಕೊಂಡಿದ್ದು, 1952ರಿಂದ ಜಾರಿಯಲ್ಲಿತ್ತು. ಅಪರಾಧವನ್ನು ಮೆಚ್ಚುವ ಹಾಗೆ ತೋರಿಸಬಾರದು, ಅಪರಾಧಿಯ ಮೇಲೆ ಸಹಾನುಭೂತಿ ಹುಟ್ಟಬಾರದು ಅನ್ನುವುದು ಅದರ ಧೋರಣೆ. ಜೊತೆಗೆ ದುಡ್ಡು ಹಾಕುವ ಪ್ರಾಯೋಜಕರು. ಕೊಲೆ ಮಾಡಿದವಳು ನಗುತ್ತಾ ಉಳಿದರೆ, ಅದರ ಬೆನ್ನಿಗೇ ತಮ್ಮ ಮಾತ್ರೆಯ ಜಾಹೀರಾತು ಬರುವುದು ಅವರಿಗೆ ಹೇಗೆ ಹಿಡಿಸೀತು? ಇದು ಬರೀ ಊಹೆಯ ಹೆದರಿಕೆ ಅಲ್ಲ. ಇದೇ ಸರಣಿಯ 'ದ ಸಾರ್ಸರರ್ಸ್ ಅಪ್ರೆಂಟಿಸ್' ಎಂಬ ಎಪಿಸೋಡ್ ತೀರಾ ಭೀಕರ ಅಂತ ಆಗ ವಾಹಿನಿಯಲ್ಲಿ ಪ್ರಸಾರವಾಗಲೇ ಇಲ್ಲ.

ಇದಕ್ಕೆ ಹಿಚ್‌ಕಾಕ್ ತಂಡ ಕಂಡುಕೊಂಡ ದಾರಿ ಬಹಳ ಸರಳ. ಕಥೆಯನ್ನು ಮುಟ್ಟುವುದು ಬೇಡ. ಅದು ಹೇಗೆ ಮುಗಿಯಬೇಕೋ ಹಾಗೇ ಮುಗಿಯಲಿ. ಮುಗಿದ ಮೇಲೆ ಹಿಚ್‌ಕಾಕ್ ಬಂದು, ಇವರು ಆಮೇಲೆ ಸಿಕ್ಕಿಬಿದ್ದರು ಅಂತ ಎರಡು ಮಾತು ಹೇಳಲಿ. ಸಂಹಿತೆಗೂ ಸಮಾಧಾನ, ಪ್ರಾಯೋಜಕರಿಗೂ ಸಮಾಧಾನ.

ಈ ಎಪಿಸೋಡಿನಲ್ಲಿ ಅವರು ಹೇಳಿದ್ದೇನು ನೆನಪಿದೆಯಲ್ಲ? ಮೇರಿ ಎರಡನೇ ಗಂಡನನ್ನೂ ಹೀಗೇ ಮುಗಿಸಲು ಹೋದಳಂತೆ. ಅವನು ಮರೆಗುಳಿ. ಫ್ರೀಜರಿನ ಪ್ಲಗ್ ಹಾಕುವುದನ್ನೇ ಮರೆತಿದ್ದನಂತೆ. ಮಾಂಸ ಮೆತ್ತಗೆ ಜೆಲ್ಲಿಯ ಹಾಗಾಗಿತ್ತಂತೆ! ಇದನ್ನು ಕೇಳಿ ಯಾರಾದರೂ ನ್ಯಾಯಕ್ಕೆ ಜಯವಾಯಿತು ಅಂದುಕೊಳ್ಳುತ್ತಾರಾ? ಅವರು ದೊಡ್ಡ ಅಂಗಡಿಯೊಂದರಲ್ಲಿ ಸಾಮಾನಿನ ತಳ್ಳುಗಾಡಿ ಇಟ್ಟುಕೊಂಡು ನಿಂತಿರುತ್ತಾರೆ. ಅದು ಕಥೆಯ ಲೋಕವೇ ಅಲ್ಲ. ಅವರ ದನಿ, ನಿಂತ ರೀತಿ, ಕಾರಣದ ಹಾಸ್ಯ, ಎಲ್ಲವೂ ಇದನ್ನು ಗಂಭೀರವಾಗಿ ತಗೋಬೇಡಿ ಅನ್ನುತ್ತಿವೆ. ಮೊದಲನೇ ಕೊಲೆಗೆ ಶಿಕ್ಷೆಯಾಯಿತು ಅಂತ ಕೂಡ ಅವರು ಹೇಳುವುದಿಲ್ಲ, ಗಮನಿಸಿ. ಸಿಕ್ಕಿಬಿದ್ದದ್ದು ಎರಡನೇ ಸಲದ ಎಡವಟ್ಟಿಗೆ.

ಹಾಗಾಗಿ ನನ್ನ ಉತ್ತರ ಇದು: ನಗುವನ್ನು ನಂಬಿ. ಡಾಲ್ ಬರೆದ ಕಥೆ ಅಲ್ಲಿಗೆ ಮುಗಿಯುತ್ತದೆ. ಹಿಚ್‌ಕಾಕ್ ನಿರ್ದೇಶಿಸಿದ ಕಥೆಯೂ ಅಲ್ಲಿಗೇ ಮುಗಿಯುತ್ತದೆ. ಆಮೇಲಿನದು ಬಾಗಿಲಲ್ಲಿ ಕಾವಲು ಕೂತವರಿಗೆ ತೋರಿಸಿದ ರಸೀದಿ. 1979ರಲ್ಲಿ ಬ್ರಿಟನ್ನಿನ ಟಿವಿಗೆ ಇದೇ ಕಥೆ ಮತ್ತೊಮ್ಮೆ ಬಂತು. ಡಾಲ್ ಅವರೇ ಮುಂದೆ ಕೂತು ಪರಿಚಯ ಮಾಡಿಕೊಡುವ ಸರಣಿ ಅದು. ಅದನ್ನೂ ನೋಡಿ ಹೋಲಿಸಬಹುದು. ಬಣ್ಣದಲ್ಲಿದೆ, ಚೆನ್ನಾಗಿಯೂ ಇದೆ. ಆದರೆ ಬೆಲ್ ಗೆಡ್ಡಿಸ್ ಅವರ ಆ ಮುಖ ಅಲ್ಲಿಲ್ಲ.

ಆದರೂ ಒಂದು ಮಾತನ್ನು ನಾನು ಒಪ್ಪಿಕೊಳ್ಳಬೇಕು. ಆ ತಮಾಷೆಯ ಕೊನೆ ನಮಗೂ ಒಂದು ಉಪಕಾರ ಮಾಡುತ್ತದೆ. ಅರ್ಧ ಗಂಟೆ ಒಬ್ಬ ಕೊಲೆಗಾರ್ತಿಯ ಪಕ್ಕ ಕೂತು, ಅವಳು ಸಿಗದಿರಲಿ ಅಂತ ಬೇಡಿಕೊಂಡಿದ್ದೇವೆ. ನಗು ಮುಗಿದ ಮೇಲೆ ಒಂದು ಕ್ಷಣ ನಮ್ಮ ಬಗ್ಗೆ ನಮಗೇ ಕಸಿವಿಸಿ. ನೀವೂ ನಂಬುವುದು ಯಾವುದನ್ನು ಅಂತ ಕೇಳಿದ್ದು ಆ ಕಸಿವಿಸಿಗೇ ಇರಬೇಕು ಅನ್ನಿಸುತ್ತದೆ. ಹಿಚ್‌ಕಾಕ್ ಬಂದು ನಗಿಸಿ ಅದನ್ನು ಒರೆಸಿಬಿಡುತ್ತಾರೆ. ಟಿವಿ ಕೊಲೆಯನ್ನು ಅದು ಸೇರಬೇಕಾದ ಜಾಗಕ್ಕೆ, ಅಂದರೆ ಮನೆಯೊಳಗೆ ಮತ್ತೆ ತಂದಿದೆ ಅಂತ ಅವರು ಹೇಳುತ್ತಿದ್ದರು. ಮನೆಯೊಳಗೆ ತಂದವರು ಮಲಗುವ ಮೊದಲು ಅದನ್ನು ಹೊರಗೂ ಕರೆದೊಯ್ಯುತ್ತಿದ್ದರು.

ನೀವು ಇನ್ನೊಮ್ಮೆ ನೋಡುವಾಗ ಒಂದು ಕೆಲಸ ಮಾಡಿ. ಮೇರಿ ನಕ್ಕ ತಕ್ಷಣ, ಅಂಗಡಿಯ ದೃಶ್ಯ ಬರುವ ಮೊದಲೇ ಟಿವಿ ಆರಿಸಿಬಿಡಿ. ಉಳಿದ ಒಂದು ನಿಮಿಷವನ್ನು ಮಾರನೇ ದಿನ ನೋಡಿ. ನಡುವಿನ ರಾತ್ರಿ ಹೇಗಿತ್ತು ಅಂತ ಬರೆದು ತಿಳಿಸಿ.